ಕೊರಳಿನ ಅಳತೆ

1984ರ ಮಾರ್ಚ್ ತಿಂಗಳಲ್ಲಿ ರಾಯಚೂರಿನ ಒಬ್ಬ ವೈದ್ಯರು ನನ್ನ ಅವ್ವನಿಗೆ ಥೈರಾಯ್ಡ್ ಕಾಯಿಲೆ ಇದೆ ಎಂದು ತಿಳಿಸಿದರು. ಅಷ್ಟರಲ್ಲಿ ಅವ್ವನ ಕೊರಳಿನ ಮುಂದೆ ಗಡ್ಡೆ ಎದ್ದು ಬಹಳ ಕಾಲವಾಗಿತ್ತು. ಸೆರಗನ್ನು ಕೊರಳ ಸುತ್ತ ತಂದು ಅವ್ವ ಅದನ್ನು ಮುಚ್ಚಿಕೊಳ್ಳುತ್ತಿದ್ದಳು. ವೈದ್ಯರು ದಿನಕ್ಕೊಂದು ಗುಳಿಗೆ ಬರೆದರು, ಬದುಕಿರುವವರೆಗೂ ತೆಗೆದುಕೊಳ್ಳಬೇಕು ಎಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು: ತಾಯಿಗೆ ಇರುವುದು ಮಕ್ಕಳಿಗೂ ಬರಬಹುದು, ಅವರ ಮೇಲೂ ಒಂದು ಕಣ್ಣಿಡಿ. ಆ ಮಾತು ಅಪ್ಪನ ಜೊತೆ ಬಸ್ಸಿನಲ್ಲಿ ಮಸ್ಕಿಗೆ ಬಂತು. ಹೊಸ್ತಿಲ ಬಳಿ ಕಾಲು ತೊಳೆಯುತ್ತ ಅಪ್ಪ ಅದನ್ನು ಆಯಿಗೆ, ಎಂದರೆ ತನ್ನ ತಾಯಿಗೆ, ಒಪ್ಪಿಸಿದ್ದು ಹೀಗೆ:

“ಮಕ್ಕಳ ಕೊಳ್ಳ ನೋಡ್ಕೋಂತ ಇರ್ರಿ ಅಂದಾರ. ವರ್ಷಕ್ಕೊಮ್ಮಿ.”

“ಅಷ್ಟೇನು? ನೋಡಿದ್ರಾತು ಬಿಡು. ಕೊಳ್ಳ ನೋಡಾಕ ರಾಯಚೂರತನಾ ಹೋಗಬೇಕೇನು, ನಾ ಮನ್ಯಾಗ ಕುಂತೀನಲ್ಲ.”

ಆಗ ನನಗೆ ಒಂಬತ್ತು ವರ್ಷ, ತಮ್ಮ ಬಸುವಿಗೆ ನಾಲ್ಕು. ಮನೆಯಲ್ಲಿ ಇದ್ದವರು ನಾವು ಐದೇ ಜನ. ಮನೆ ಮಸ್ಕಿಯ ಬಜಾರಿನ ಹಿಂದಿನ ಓಣಿಯಲ್ಲಿತ್ತು, ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ಅದರ ಆಚೆ ಅಡುಗೆ ಮನೆ, ಎರಡರ ನಡುವೆ ದೇವರ ಜಗುಲಿಯ ಕತ್ತಲೆ ಕೋಣೆ. ಪಡಸಾಲೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಬೀಳುವ ಬಿಸಿಲಿನ ತುಂಡು ಬೆಳಿಗ್ಗೆ ಪಡುವಣ ಗೋಡೆಯ ಬುಡದಲ್ಲಿ ಕಾಣಿಸಿಕೊಂಡು, ನೆಲದ ಮೇಲೆ ನಿಧಾನ ಸರಿಯುತ್ತ, ಸಂಜೆಗೆ ಮೂಡಣ ಗೋಡೆ ಹತ್ತಿ ಹೋಗುತ್ತಿತ್ತು. ಅಪ್ಪನದು ಹಗ್ಗದ ಅಂಗಡಿ. ಎತ್ತಿನ ಮೂಗುದಾರ, ಕಣ್ಣಿ, ಬಾವಿಹಗ್ಗ, ಚೀಲ ಹೊಲಿಯುವ ಹುರಿ, ತಾಡಪತ್ರಿ. ಬಳಗಾನೂರಿನ ಕಡೆಯ ಭತ್ತದವರು ತಾಡಪತ್ರಿಗೆ ಬರುತ್ತಿದ್ದರು, ಸಂತೆಕಲ್ಲೂರಿನ ಕಡೆಯ ಜೋಳದವರು ಹಗ್ಗಕ್ಕೆ. ಸಂತೆಕಲ್ಲೂರು ಅವ್ವನ ತವರು. ಅದು ಮಳೆ ನಂಬಿದ ಊರು. ಕಾಲುವೆ ನೀರು ಅಲ್ಲಿಗೆ ಹೋಗಿರಲಿಲ್ಲ. ಅವ್ವನ ಗಡ್ಡೆಗೆ ಆ ಊರಿನ ಬಾವಿ ನೀರೇ ಕಾರಣ ಎಂಬುದು ಆಯಿಯ ತೀರ್ಮಾನ.

ಗುಳಿಗೆ ಬರುವ ಮೊದಲಿನ ಅವ್ವನನ್ನು ನಾನು ರೊಟ್ಟಿ ಬಡಿಯುವ ಸದ್ದಿನಿಂದ ನೆನಪಿಟ್ಟುಕೊಂಡಿದ್ದೇನೆ. ನಮ್ಮ ಓಣಿಯಲ್ಲಿ ಬೆಳಿಗ್ಗೆ ಎಲ್ಲ ಮನೆಗಳಿಂದಲೂ ಆ ಸದ್ದು ಬರುತ್ತಿತ್ತು, ಒಂದೇ ಸಮನೆ. ನಮ್ಮ ಮನೆಯದು ನಡುನಡುವೆ ನಿಲ್ಲುತ್ತಿತ್ತು. ಅಡುಗೆ ಮನೆಗೆ ಹೋಗಿ ನೋಡಿದರೆ ಅವ್ವ ಹಿಟ್ಟಿನ ಮೇಲೆ ಅಂಗೈ ಇಟ್ಟು ಕುಳಿತಿರುತ್ತಿದ್ದಳು. ನಿದ್ದೆಯಲ್ಲ, ಅಳುವೂ ಅಲ್ಲ. ಕಣ್ಣು ತೆರೆದೇ ಇರುತ್ತಿದ್ದವು. ಒಲೆಯ ಮೇಲೆ ಹಂಚು ಹೊಗೆಯಾಡುತ್ತಿತ್ತು. “ಅವ್ವಾ” ಎಂದರೆ ಸ್ವಲ್ಪ ಹೊತ್ತು ಬಿಟ್ಟು ತಿರುಗುತ್ತಿದ್ದಳು, ಮತ್ತೆ ಸ್ವಲ್ಪ ಹೊತ್ತು ಬಿಟ್ಟು “ಹೂಂ” ಎನ್ನುತ್ತಿದ್ದಳು. ದನಿ ಗಂಡಸರ ದನಿಯಂತೆ ದಪ್ಪಗಾಗಿತ್ತು. ಬೇಸಿಗೆಯಲ್ಲೂ ಕೌದಿ ಹೊದೆದು ಮಲಗುತ್ತಿದ್ದಳು. ನಾನು ಬಿದ್ದು ಮೊಣಕಾಲು ಒಡೆದುಕೊಂಡು ಬಂದ ದಿನ ಅವ್ವ ರಕ್ತವನ್ನು ನೋಡಿದಳು, ಎದ್ದು ಬರಲಿಲ್ಲ. ನಾನೇ ಅರಿಶಿನ ಹಚ್ಚಿಕೊಂಡೆ. ಅವ್ವನಿಗೆ ನಮ್ಮ ಮೇಲೆ ಸಿಟ್ಟಿದೆ ಎಂದು ನಾನು ತಿಳಿದಿದ್ದೆ. ಸೋಮಾರಿ ಎಂದು ಆಯಿ ತಿಳಿದಿದ್ದಳು. ಅಪ್ಪ ಏನು ತಿಳಿದಿದ್ದನೋ ಯಾರೂ ಕೇಳಲಿಲ್ಲ. ಗುಳಿಗೆ ಶುರುವಾದ ಮೇಲೆ, ಬಹುಶಃ ಮುಂದಿನ ಕಾರಹುಣ್ಣಿಮೆಯ ಹೊತ್ತಿಗೆ, ನಮ್ಮ ಮನೆಯ ರೊಟ್ಟಿ ಸದ್ದು ಓಣಿಯ ಸದ್ದಿನ ಜೊತೆ ಸೇರಿತು.

ಗುಳಿಗೆಯೂ ಸುಲಭಕ್ಕೆ ಮನೆಯೊಳಗೆ ಬರಲಿಲ್ಲ. ಎದ್ದ ಕೂಡಲೇ, ಬರಿ ಹೊಟ್ಟೆಯಲ್ಲಿ ಎಂದು ವೈದ್ಯರು ಹೇಳಿದ್ದರು. ನಮ್ಮದು ಲಿಂಗಪೂಜೆ ತಪ್ಪದ ಮನೆ. ಮೈ ತೊಳೆದು, ಕರಡಿಗೆಯಿಂದ ಲಿಂಗ ತೆಗೆದು ಪೂಜೆ ಮಾಡುವವರೆಗೆ ದೊಡ್ಡವರು ಬಾಯಿಗೆ ಹನಿ ನೀರೂ ಹಾಕುತ್ತಿರಲಿಲ್ಲ. ಮೊದಲ ದಿನವೇ ಜಗಳವಾಯಿತು.

“ಶರಣವ್ವಾ, ಏನದು ಬಾಯಾಗ?”

“ಗುಳಿಗಿರಿ ಅತ್ತಿ.”

“ಪೂಜಿ ಆಗಿಲ್ಲ, ಪುನಸ್ಕಾರ ಆಗಿಲ್ಲ, ಲಿಂಗಕ್ಕಿಂತ ಮೊದಲ ನಿನಗ ಗುಳಿಗಿ ಬೇಕಾತೇನು? ಉಗುಳು ಅದನ್ನ.”

ಅವ್ವ ಉಗುಳಿದಳು. ಅಪ್ಪ ಅಂಗಡಿಯ ಕೀಲಿಕೈ ಹುಡುಕುತ್ತಿದ್ದವನು ಹುಡುಕುತ್ತಲೇ ಇದ್ದ. ಕೊನೆಗೆ ಒಪ್ಪಂದವಾದದ್ದು ಹೀಗೆ: ಪೂಜೆ ಮುಗಿದ ಮೇಲೆ, ಲಿಂಗಕ್ಕೆ ಎರೆದ ಪಾದೋದಕದ ಜೊತೆ ಗುಳಿಗೆ ನುಂಗಬಹುದು. ಆವತ್ತಿನಿಂದ ಗುಳಿಗೆಯ ಸೀಸೆ ವಿಭೂತಿ ತಟ್ಟೆಯ ಪಕ್ಕದಲ್ಲಿ ಇರತೊಡಗಿತು. ಆಯಿಯ ಪೂಜೆ ಮುಗಿಯುವವರೆಗೆ ಜಗುಲಿ ಖಾಲಿಯಾಗುತ್ತಿರಲಿಲ್ಲ, ಆದ್ದರಿಂದ ಅವ್ವನ ಸರದಿ ತಡವಾಗುತ್ತಿತ್ತು.

ವೈದ್ಯರು ಹೇಳಿದ ‘ವರ್ಷಕ್ಕೊಮ್ಮೆ’ಯನ್ನು ಆಯಿ ತನ್ನ ಪಂಚಾಂಗಕ್ಕೆ ಹೊಂದಿಸಿಕೊಂಡಳು. ನಮ್ಮ ಮನೆಯಲ್ಲಿ ಪ್ರತಿ ಶಿವರಾತ್ರಿಗೆ ಎಲ್ಲರಿಗೂ ಹೊಸ ಶಿವದಾರ ಬರುತ್ತಿತ್ತು. ಲಿಂಗದ ಕರಡಿಗೆಯನ್ನು ಕೊರಳಿಗೆ ಕಟ್ಟುವ ದಾರ ಅದು. ಅಪ್ಪನ ಅಂಗಡಿಯ ನೂಲನ್ನು ಆಯಿ ತೊಡೆಯ ಮೇಲೆ ಹೊಸೆದು, ವಿಭೂತಿ ಸವರಿ, ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಎದೆಯ ಮಟ್ಟಕ್ಕೆ ಬರುವಂತೆ ಕತ್ತರಿಸುತ್ತಿದ್ದಳು. 1985ರ ಶಿವರಾತ್ರಿಯ ಬೆಳಿಗ್ಗೆ ಅದಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತು. ಶಿವದಾರ ಕಟ್ಟುವ ಮೊದಲು ನನ್ನ ಮತ್ತು ಬಸುವಿನ ಕೊರಳಿಗೆ ಒಂದೆಳೆ ನೂಲು ಸುತ್ತಿ, ಎರಡು ತುದಿ ಕೂಡುವಲ್ಲಿ ಕತ್ತರಿಸಿ, ತುದಿಗೆ ಒಂದೊಂದು ಗಂಟು ಹಾಕಿದಳು. ನನ್ನದಕ್ಕೆ ಅರಿಶಿನ, ಬಸುವಿನದಕ್ಕೆ ವಿಭೂತಿ. ಎರಡನ್ನೂ ದೀಪದ ಗೂಡಿನ ಪಕ್ಕದ ಮೊಳೆಗೆ ತೂಗು ಹಾಕಿದಳು. ಮುಂದಿನ ಶಿವರಾತ್ರಿಗೆ ಅದೇ ದಾರ ಮತ್ತೆ ಸುತ್ತಿ ನೋಡುವುದು, ಆಮೇಲೆ ಆ ವರ್ಷದ ಅಳತೆಗೆ ಹೊಸದೊಂದು ಕತ್ತರಿಸುವುದು. ತುದಿ ಕೂಡಿದರೆ ಕೊರಳು ಚೆನ್ನಾಗಿದೆ, ಕೂಡದಿದ್ದರೆ ಗಡ್ಡೆ ಶುರುವಾಗಿದೆ.

1986ರ ಶಿವರಾತ್ರಿಗೆ ನನ್ನ ದಾರ ಕೂಡಲಿಲ್ಲ. ನಡುವೆ ಒಂದು ಕಡಲೆ ಕಾಳಿನಷ್ಟು ಜಾಗ ಬಿಟ್ಟಿತು. ಆಯಿ ಮತ್ತೊಮ್ಮೆ ಸುತ್ತಿದಳು. ಉಸಿರು ಬಿಡು ಎಂದಳು, ಬಿಟ್ಟೆ. ಮೂರನೆಯ ಸಲವೂ ಸುತ್ತಿದಳು.

“ಸಾಲವಲ್ದು,” ಎಂದಳು. “ಏ ಅಮರಪ್ಪಾ, ಇಲ್ಲಿ ಬಾ. ಈ ಹುಡುಗಿ ದಾರ ಸಾಲವಲ್ದು.”

ಅಪ್ಪ ಬಂದು ನೋಡಿದ. ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದಳು.

“ಬೆಳಿಯೋ ಹುಡುಗಿ, ಬೆಳದಿರಬೇಕಲ್ರಿ ಅತ್ತಿ.”

“ನೀ ಸುಮ್ಕ ಇರು. ನಿನ್ನ ಕೊಳ್ಳಾಗೂ ಹಿಂಗ ಶುರು ಆಗಿರಬೇಕು, ನಿಮ್ಮವ್ವ ನೋಡಲಿಲ್ಲ. ನಾಳೆ ಇಕಿನ್ನ ನೋಡಾಕ ಬಂದವ್ರು ಮಾರಿ ನೋಡೂಕಿಂತ ಮೊದಲ ಕೊಳ್ಳ ನೋಡ್ತಾರ.”

ನನಗೆ ಆಗ ಹನ್ನೊಂದು. ಸುಣ್ಣ ಮತ್ತು ಬೆಲ್ಲ ಕಲಸಿ ಆಯಿ ನನ್ನ ಕೊರಳಿಗೆ ಹಚ್ಚಿದಳು. ಅದು ಒಣಗಿ ಬಿರುಕು ಬಿಟ್ಟು ಶಾಲೆಯಲ್ಲಿ ಪುಡಿಪುಡಿಯಾಗಿ ಉದುರುತ್ತಿತ್ತು. ಪಕ್ಕದಲ್ಲಿ ಕೂರುವ ಹುಡುಗಿ ಕೇಳಿದಳು: “ಏ ಗಿರಿಜಾ, ನಿಮ್ಮನಿ ಗ್ವಾಡಿಗೆ ಹಚ್ಚಿ ಉಳದದ್ದು ನಿನಗ ಹಚ್ಚ್ಯಾರೇನ?” ಲೇಪದಿಂದ ಕೊರಳು ಇಳಿಯಲಿಲ್ಲ. ಅಪ್ಪ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದ. ರಕ್ತ ತೆಗೆದರು. ಆ ಪರೀಕ್ಷೆ ರಾಯಚೂರಿನಲ್ಲಿ ಆಗುತ್ತಿರಲಿಲ್ಲ, ರಕ್ತ ಹೈದರಾಬಾದಿಗೆ ಹೋಗಬೇಕಿತ್ತು. ವರದಿ ಬರುವವರೆಗೆ ಆಯಿ ಸೋಮವಾರ ಒಪ್ಪತ್ತು ಹಿಡಿದಳು. ವರದಿಯಲ್ಲಿ ಏನೂ ಇರಲಿಲ್ಲ. ಮುಂದಿನ ಎರಡು ಶಿವರಾತ್ರಿಗಳಲ್ಲೂ ನನ್ನ ದಾರ ಸಾಲಲಿಲ್ಲ, ಮತ್ತೆ ಸುಣ್ಣ ಬೆಲ್ಲ, ಮತ್ತೆ ರಾಯಚೂರು, ಮತ್ತೆ ಏನೂ ಇಲ್ಲ. ಕೊರಳನ್ನು ಕುಗ್ಗಿಸಿ ಕೂರುವುದನ್ನು ನಾನು ಆ ವರ್ಷಗಳಲ್ಲಿ ಕಲಿತೆ. ಈಗಲೂ ಹಳೆಯ ಫೋಟೊಗಳಲ್ಲಿ ನನ್ನ ಗದ್ದ ಎದೆಗೆ ತಾಗಿಕೊಂಡಿರುವುದು ಕಾಣುತ್ತದೆ.

ಬಸುವಿನ ದಾರ ಕೂಡುತ್ತಿತ್ತು. ಮೊದಲ ವರ್ಷದ್ದು ಎರಡನೆಯ ವರ್ಷ ಕೂಡಿತು, ಎರಡನೆಯದು ಮೂರನೆಯ ವರ್ಷ, ಮೂರನೆಯದು ನಾಲ್ಕನೆಯ ವರ್ಷ. ಆಯಿ ಗಂಟಿನ ಮೇಲೆ ಗಂಟು ಇಟ್ಟು ಎಲ್ಲರಿಗೂ ತೋರಿಸುತ್ತಿದ್ದಳು, ಆಮೇಲೆ ಬಸುವಿನ ಬಾಯಿಗೆ ಒಂದು ತುಂಡು ಬೆಲ್ಲ ಹಾಕುತ್ತಿದ್ದಳು.

“ನೋಡು, ನೋಡು. ಹೋದ ವರ್ಷದ್ದ ದಾರ, ಹೆಂಗ ಕುಂತೈತಿ ನೋಡು. ನನ್ನ ಮೊಮ್ಮಗ ನಮ್ಮ ಮನಿತನದ ಮ್ಯಾಲ ಹೋಗ್ಯಾನ. ತಾಯಿ ಬ್ಯಾನಿ ಇವನ ಹತ್ರ ಸುಳಿಯಂಗಿಲ್ಲ.”

ಶಿವದಾರವನ್ನೂ ಅವನಿಗೆ ಹೊಸದಾಗಿ ಉದ್ದ ಮಾಡುವುದು ಬೇಕಾಗಲಿಲ್ಲ. ಹಳೆಯ ಅಳತೆಗೇ ಹೊಸದು. ಬಸುವಿನ ವಿಷಯದಲ್ಲಿ ಮನೆಯವರಿಗೆ ಯಾವ ತೊಂದರೆಯೂ ಇರಲಿಲ್ಲ. ಅವನು ಓಡುತ್ತಿರಲಿಲ್ಲ, ಆದ್ದರಿಂದ ಬೀಳುತ್ತಿರಲಿಲ್ಲ. ಹಸಿವು ಎನ್ನುತ್ತಿರಲಿಲ್ಲ. ಅರ್ಧ ರೊಟ್ಟಿಗೆ ಪುಂಡಿಪಲ್ಯ ಹಚ್ಚಿ ಕೊಟ್ಟರೆ ಅದನ್ನೇ ಮಧ್ಯಾಹ್ನದವರೆಗೆ ಹಿಡಿದುಕೊಂಡಿರುತ್ತಿದ್ದ. ಮೈಗೆ ಬೆವರು ಬರುತ್ತಿರಲಿಲ್ಲ, ಅಂಗಿ ಕೊಳೆಯಾಗುತ್ತಿರಲಿಲ್ಲ. ಒಂದನೆಯ ತರಗತಿಗೆ ಹೊಲಿಸಿದ ಚಡ್ಡಿ ಮೂರನೆಯ ತರಗತಿಯಲ್ಲೂ ಆಗುತ್ತಿತ್ತು. ಓರಗೆಯ ಹುಡುಗರಿಗೆಲ್ಲ ಮುಂದಿನ ಹಲ್ಲು ಬಿದ್ದು ಬೊಚ್ಚುಬಾಯಿಯಾದಾಗ ಇವನ ಬಾಯಲ್ಲಿ ಹಾಲುಹಲ್ಲು ಸಾಲಾಗಿ ನಿಂತಿದ್ದವು. “ಕಬ್ಬಿಣದಂಥಾ ಹಲ್ಲು” ಎಂದು ಆಯಿ ಓಣಿಯ ಹೆಂಗಸರಿಗೆ ತುಟಿ ಎತ್ತಿ ತೋರಿಸುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಶಾಲೆಯ ಮಾಸ್ತರರು ಅಂಗಡಿಗೆ ಬಂದಾಗ ಅಪ್ಪನಿಗೆ ಹೇಳಿದ್ದರು:

“ಎಲ್ಲಾ ಹುಡುಗ್ರು ನಿಮ್ಮ ಹುಡುಗನಂಗ ಇದ್ರ ನಮಗ ಬೆತ್ತಾನ ಬೇಕಾಗಿದ್ದಿಲ್ರಿ ಅಮರಪ್ಪ. ಕುಂದ್ರಸಿದ್ದಲ್ಲೆ ಕುಂತಿರ್ತಾನ.”

ಅವನು ಕುಂತಿರುತ್ತಿದ್ದುದು ಬಿಸಿಲಿನಲ್ಲಿ. ಇದನ್ನು ನಾನು ದಿನವೂ ನೋಡುತ್ತಿದ್ದೆ. ರಜೆಯ ದಿನ ಬೆಳಿಗ್ಗೆ ಬೆಳಕಿಂಡಿಯ ಬಿಸಿಲು ಗೋಡೆಯ ಬುಡಕ್ಕೆ ಬಿದ್ದ ಕೂಡಲೇ ಬಸು ಹೋಗಿ ಅದರೊಳಗೆ ಕೂರುತ್ತಿದ್ದ. ಬಿಸಿಲು ಸರಿದಂತೆ ಅವನೂ ಕುಂಡೆಯ ಮೇಲೆ ಸರಿಯುತ್ತಿದ್ದ, ಎದ್ದು ನಿಲ್ಲದೆ. ಮಧ್ಯಾಹ್ನಕ್ಕೆ ಪಡಸಾಲೆಯ ನಟ್ಟನಡುವೆ ಇರುತ್ತಿದ್ದ, ಸಂಜೆಗೆ ಮೂಡಣ ಗೋಡೆಗೆ ಬೆನ್ನು ಹಚ್ಚಿರುತ್ತಿದ್ದ. ಚಳಿಗಾಲದಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವಂಥದ್ದಲ್ಲ. 1988ರ ಮೇ ತಿಂಗಳಲ್ಲೂ ಅವನು ಹಾಗೇ ಕೂರುತ್ತಿದ್ದ. ಆ ಬೇಸಿಗೆಯಲ್ಲಿ ನಮ್ಮ ಕಡೆ ಹಗಲು ಹೊತ್ತು ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಆಯಿ ಒದ್ದೆ ಬಟ್ಟೆ ತಲೆಗೆ ಹಾಕಿಕೊಂಡು ಜಗುಲಿಯ ಕೋಣೆಯಲ್ಲಿ ಮಲಗಿದ್ದಳು. ಅವ್ವ ಮಜ್ಜಿಗೆ ಕೊಡಲು ಅಡುಗೆ ಮನೆಯಿಂದ ಬಂದವಳು ಬಾಗಿಲಲ್ಲಿ ನಿಂತಳು. ಬಸು ಕೌದಿ ಹೊದ್ದು ಬಿಸಿಲಿನ ತುಂಡಿನಲ್ಲಿ ಕೂತಿದ್ದ. ಅವ್ವ ಲೋಟವನ್ನು ನೆಲಕ್ಕಿಟ್ಟಳು. ಅವನ ಹತ್ತಿರ ಕೂತು ಕೌದಿಯ ಒಳಗೆ ಕೈ ಹಾಕಿ ಪಾದ ಮುಟ್ಟಿದಳು.

“ಥಂಡಿ ಆಗ್ತೈತೇನೋ ಬಸು?”

ಸ್ವಲ್ಪ ಹೊತ್ತು ಬಿಟ್ಟು ಬಸು ತಿರುಗಿದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು “ಹೂಂ” ಎಂದ.

ಅವ್ವ ನನ್ನನ್ನು ನೋಡಿದಳು. ಮರುದಿನ ಬೆಳಿಗ್ಗೆ ಆಯಿಗೆ, ತವರಿಗೆ ಹೋಗಿ ಬರುತ್ತೇನೆ, ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು. ಆಯಿ, “ಹೋಗು, ಆದ್ರ ಅಲ್ಲೀ ನೀರು ಕುಡಿಸಬ್ಯಾಡ ಹುಡುಗ್ರಿಗೆ,” ಎಂದು ಮಣ್ಣಿನ ತತ್ರಾಣಿಯಲ್ಲಿ ಮನೆಯ ನೀರು ತುಂಬಿ ಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಸಂತೆಕಲ್ಲೂರಿನ ಕಡೆಯ ಬಸ್ಸು ನಿಂತಿತ್ತು. ಅವ್ವ ಅದನ್ನು ಬಿಟ್ಟು ಲಿಂಗಸುಗೂರಿನ ಬಸ್ಸು ಹತ್ತಿದಳು. ಅವ್ವ ಒಬ್ಬಳೇ ನಮ್ಮನ್ನು ಊರಿನಿಂದ ಹೊರಗೆ ಕರೆದೊಯ್ದದ್ದು ಅದೇ ಮೊದಲು.

ಲಿಂಗಸುಗೂರಿನ ದವಾಖಾನೆಯಲ್ಲಿ ವೈದ್ಯರು ವಯಸ್ಸಾದವರು. ಬೆಂಚಿನ ಮೇಲೆ ಬಸುವನ್ನು ಕೂರಿಸಿದಾಗ ಅವನ ಕಾಲು ನೆಲದಿಂದ ಬಹಳ ಮೇಲೆ ತೂಗುತ್ತಿದ್ದವು. ಸಣ್ಣ ಹುಡುಗ, ನಾಲ್ಕೈದು ವರ್ಷವಿರಬೇಕು ಎಂದು ಅವರು ಅಂದುಕೊಂಡಿದ್ದರು.

“ಎಷ್ಟ ವಯಸ್ಸು?”

“ಎಂಟ ತುಂಬ್ಯಾವರಿ.”

ವೈದ್ಯರು ಅವ್ವನನ್ನು ನೋಡಿದರು, ಬಸುವನ್ನು ನೋಡಿದರು.

“ಏನ್ ತ್ರಾಸ ಐತಿ?”

“ಥಂಡಿರಿ.”

“ಈ ಬ್ಯಾಸಗ್ಯಾಗ?”

“ಹೂಂರಿ. ಈ ಬ್ಯಾಸಗ್ಯಾಗ. ನನಗೂ ಹಿಂಗ ಆಗ್ತಿತ್ತುರಿ, ಗುಳಿಗಿ ತಗೊಳಕಿಂತ ಮೊದ್ಲು.” ಅಷ್ಟು ಹೇಳಿ ಅವ್ವ ಸೆರಗು ಸರಿಸಿ ತನ್ನ ಕೊರಳು ತೋರಿಸಿದಳು. ವೈದ್ಯರು ನನ್ನ ಕಡೆ ತಿರುಗಿದರು.

“ನೀ ಇವನ ಅಕ್ಕ ಏನವ್ವಾ? ದಿನಾ ಕೂಡ ಇರ್ತೀದಿ. ನೀ ಏನ್ ನೋಡೀದಿ ಅಷ್ಟ ಹೇಳು. ನಿನಗ ಹೆಂಗ ಅನಸ್ತೈತಿ ಅನ್ನೂದು ಬ್ಯಾಡ. ಕಣ್ಣೀಲೆ ಕಂಡದ್ದು ಹೇಳು.”

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮುಂದೆ ಪತ್ರಿಕೆಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಪ್ರತಿದಿನ ಮಾಡಿದ್ದು ಅದೊಂದನ್ನೇ, ಕಂಡದ್ದನ್ನು ಹೇಳುವುದನ್ನು.

“ಬಿಸಲಾಗ ಕುಂದರ್ತಾನ್ರಿ. ಬಿಸಲು ಸರದಂಗ ಸರಿತಾನ್ರಿ. ಒಂದೂ ಹಲ್ಲು ಬಿದ್ದಿಲ್ರಿ. ಒಂದನೇತ್ತೆ ಚಡ್ಡಿ ಇನ್ನಾ ಹಾಕ್ಕೋತಾನ್ರಿ. ಕರದ್ರ ತಡಾ ಮಾಡಿ ನೋಡ್ತಾನ್ರಿ. ಆಯಿ ದಾರ ಸುತ್ತಿದ್ರ ಹಳೇದ ಬರೋಬರಿ ಕುಂದರ್ತೈತ್ರಿ.”

“ಯಾವ ದಾರ?”

ನಾನು ಹೇಳಿದೆ. ಶಿವರಾತ್ರಿ, ನೂಲು, ಗಂಟು, ಮೊಳೆ. ವೈದ್ಯರು ಬರೆಯುವುದನ್ನು ನಿಲ್ಲಿಸಿದರು.

“ಅಲ್ಲವ್ವಾ, ಅಷ್ಟು ವರ್ಷ ಒಂದ ಅಳತಿ?”

“ಹೂಂರಿ. ಮನ್ಯಾಗ ಎಲ್ಲಾರಿಗೂ ಖುಷಿ ಆಗಿತ್ರಿ.”

ಅವರು ಬಸುವನ್ನು ಇಳಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ತಲೆಯ ಮೇಲೆ ರಟ್ಟು ಇಟ್ಟು ಗುರುತು ಹಾಕಿ ಟೇಪು ಹಿಡಿದರು. ಕೊರಳನ್ನು ಹಿಂದಿನಿಂದ ಎರಡೂ ಕೈಯಲ್ಲಿ ಮುಟ್ಟಿ, ಉಗುಳು ನುಂಗು ಎಂದರು. ಕೊರಳಲ್ಲಿ ಏನೂ ಇಲ್ಲ ಎಂದರು. ನಿಮ್ಮ ಕಾಯಿಲೆಯೇ ಇರಬಹುದು, ರಕ್ತ ನೋಡದೆ ಖಚಿತವಾಗಿ ಹೇಳಲಾರೆ. ಗಡ್ಡೆ ಏಳದೆಯೂ ಗ್ರಂಥಿ ಕೆಲಸ ನಿಲ್ಲಿಸಬಹುದು. ಹಾಗಾದ ಮಕ್ಕಳು ಬೆಳೆಯುವುದನ್ನು ನಿಲ್ಲಿಸುತ್ತಾರೆ ಎಂದು ಅವ್ವನಿಗೆ ಬಿಡಿಸಿ ಹೇಳಿದರು. ಆಮೇಲೆ ಕೇಳಿದರು:

“ರಾಯಚೂರಾಗ ನಿಮಗ ಮಕ್ಕಳ ಬಗ್ಗೆ ಏನೂ ಹೇಳಿದ್ದಿಲ್ಲೇನು?”

“ಹೇಳಿದ್ರುರಿ. ಕೊಳ್ಳೂ ನೋಡ್ರಿ, ಬೆಳಿತಾರೇನಿಲ್ಲ ಅದನ್ನೂ ನೋಡ್ರಿ, ರಕ್ತಾನೂ ತಪಾಸ ಮಾಡಸ್ರಿ, ಇಬ್ರಿಗೂ ಅಂದಿದ್ರು.”

“ಮತ್ತ ಮನ್ಯಾಗ ಹೇಳಬೇಕಿತ್ತಲ್ಲ ತಾಯಿ.”

“ಆವಾಗ ನನಗ ಬಾಯಿ ಇದ್ದಿದ್ದಿಲ್ರಿ,” ಎಂದಳು ಅವ್ವ. “ಕೇಳಸ್ತಿತ್ತು. ಹೇಳಾಕ ಆಗ್ತಿದ್ದಿಲ್ಲ. ಆಮ್ಯಾಲ ಮರತ ಬಿಟ್ಟೆ. ನಿನ್ನಿ ಇವನ ಕಾಲು ಮುಟ್ಟಿದಾಗ ನೆಪ್ಪಾತು.”

ವಾಪಸ್ ಬಸ್ಸಿನಲ್ಲಿ ಬಸು ಕಿಟಕಿಯ ಬಿಸಿಲಿಗೆ ಕೂತ. ಅವ್ವ ಅವನ ಪಾದಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸೆರಗು ಮುಚ್ಚಿದಳು. ತತ್ರಾಣಿಯ ನೀರು ಹಾಗೇ ಇತ್ತು.

ಆ ರಾತ್ರಿ ಅವ್ವ ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ಮುಂದಿನ ವಾರ ಅಪ್ಪ ಬಸುವನ್ನು ರಾಯಚೂರಿಗೆ ಕರೆದೊಯ್ದ. ಮುಂಗೈಯ ಎಕ್ಸ್‌ರೇ ತೆಗೆದರು. ಎಲುಬು ಇನ್ನೂ ನಾಲ್ಕೈದು ವರ್ಷದ ಮಗುವಿನದರಂತೆ ಇದೆ ಎಂದರು. ರಕ್ತ ಹೈದರಾಬಾದಿಗೆ ಹೋಗಿ ಬಂತು. ಗ್ರಂಥಿ ಹೆಚ್ಚುಕಡಿಮೆ ಪೂರ್ತಿ ನಿಂತಿತ್ತು. ಅಪ್ಪ ಬಂದು ಪಡಸಾಲೆಯಲ್ಲಿ ಕೂತು ಹೇಳಿದ. ಈ ಸಲ ನಡುವೆ ಏನನ್ನೂ ಬಿಡಲಿಲ್ಲ. ವೈದ್ಯರ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದವನಂತೆ ಹೇಳಿದ.

“ಗಂಡ ಹುಡುಗಗ ಹೆಂಗ ಬರ್ತೈತೋ ಅದು?” ಆಯಿ ಕೇಳಿದಳು. “ಹೆಂಗಸರ ಬ್ಯಾನಿ ಅಲ್ಲೇನು?”

“ಗಂಡಸರಿಗೂ ಬರ್ತೈತಂತ. ಕಡಿಮಿ. ಆದ್ರ ಬರ್ತೈತಂತ.”

“ಅವನ ಕೊಳ್ಳಾಗ ಏನೂ ಇಲ್ಲ. ನಾ ನೋಡೀನಿ. ನನ್ನ ಕೈಲೆ ನೋಡೀನಿ.”

“ಹೊರಗ ಕಾಣಂಗಿಲ್ಲಂತಬೇ. ಒಳಗ ಒಣಗೇತಂತ. ದಾರ ಸಾಲದಿದ್ರ ಚಲೋ ಇತ್ತಂತ.”

ಆಯಿ ಎದ್ದು ಜಗುಲಿಯ ಕೋಣೆಗೆ ಹೋದಳು. ಮೊಳೆಯಿಂದ ದಾರಗಳನ್ನು ತೆಗೆದು ಮಡಿಲಲ್ಲಿ ಹಾಕಿಕೊಂಡು ಬೆಳಕಿಂಡಿಯ ಕೆಳಗೆ ಬಂದು ಕೂತಳು. ನನ್ನ ಹಳದಿ ದಾರಗಳನ್ನು ಒಂದರ ಪಕ್ಕ ಒಂದು ಇಟ್ಟಳು. ಅವು ಒಂದಕ್ಕಿಂತ ಒಂದು ಉದ್ದವಾಗಿದ್ದವು. ಬಸುವಿನ ಬಿಳಿ ದಾರಗಳನ್ನು ಇಟ್ಟಳು. ಅವನ್ನು ಬಹಳ ಹೊತ್ತು ನೋಡಿದಳು. ಅವ್ವ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಆ ದಿನ ಆಯಿ ಊಟಕ್ಕೆ ಬರಲಿಲ್ಲ, ಅಪ್ಪ ಎರಡು ಸಲ ಕರೆದ.

ಮರುದಿನ ನಾನು ಎದ್ದಾಗ ಆಯಿ ಪಡಸಾಲೆಯಲ್ಲಿ ಬಸುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮನೆಯಲ್ಲಿ ಯಾರ ಸ್ನಾನವೂ ಆಗಿರಲಿಲ್ಲ, ಜಗುಲಿಯ ದೀಪವೂ ಹತ್ತಿರಲಿಲ್ಲ. ಗುಳಿಗೆಯನ್ನು ಅವನ ನಾಲಗೆಯ ಮೇಲಿಟ್ಟು ನೀರು ಕುಡಿಸಿದಳು.

“ನುಂಗು. ನುಂಗಿದೇನು? ಬಾಯಿ ತಗಿ ನೋಡೂಣು.”

ಬಚ್ಚಲ ಕಡೆ ಹೊರಟಿದ್ದ ಅವ್ವ ನಿಂತು ಇದನ್ನು ನೋಡಿದಳು. ಆಮೇಲೆ ಜಗುಲಿಗೆ ಹೋಗಿ, ವಿಭೂತಿ ತಟ್ಟೆಯ ಪಕ್ಕದಿಂದ ತನ್ನ ಸೀಸೆ ತಂದು, ಆಯಿಯ ಎದುರಿಗೇ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡಳು. ಆಯಿ ಬಸುವಿನ ಕೈಯಲ್ಲಿದ್ದ ನೀರಿನ ಲೋಟವನ್ನು ತೆಗೆದು ಅವ್ವನ ಕಡೆ ನೀಡಿದಳು. ಆ ಸೀಸೆ ಮತ್ತೆ ಜಗುಲಿಗೆ ಹೋಗಲಿಲ್ಲ.

ಬಸುವಿನ ಹಾಲುಹಲ್ಲು ದೀಪಾವಳಿಯ ಹೊತ್ತಿಗೆ ಒಂದರ ಹಿಂದೆ ಒಂದು ಬೀಳತೊಡಗಿದವು. ಹಳೆಯ ಕೂದಲು ಉದುರಿ ಹೊಸದು ಬಂತು. ಹಸಿವು ಎನ್ನತೊಡಗಿದ, ಮಧ್ಯಾಹ್ನ ಬುಟ್ಟಿಗೆ ಕೈ ಹಾಕಿ ರೊಟ್ಟಿ ಕದಿಯತೊಡಗಿದ. ಬಿಸಿಲಿನ ತುಂಡು ಪಡಸಾಲೆಯಲ್ಲಿ ತಾನೊಂದೇ ಸರಿಯುತ್ತಿತ್ತು. ಶಾಲೆಯಲ್ಲಿ ಅವನು ಪಕ್ಕದವನ ಪಾಟಿ ಒಡೆದ, ಮಾಸ್ತರರು ಮತ್ತೆ ಅಂಗಡಿಗೆ ಬಂದರು.

“ಏನ್ ಆಗೇತ್ರಿ ನಿಮ್ಮ ಹುಡುಗಗ? ಒಂದು ಕಡೆ ಕುಂದ್ರವಲ್ಲ. ಮೊದಲ ಎಷ್ಟ ಶ್ಯಾಣ್ಯಾ ಇದ್ದ.”

“ಗುಳಿಗಿ ತಗೋತಾನ್ರಿ,” ಎಂದ ಅಪ್ಪ.

“ಬಿಡಸ್ರಿ ಮತ್ತ ಗುಳಿಗಿ.”

ಅಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ನಕ್ಕಳು. ಅವ್ವ ನಕ್ಕದ್ದನ್ನು ನಾನು ನೋಡಿದ್ದು ಬಹುಶಃ ಅದೇ ಮೊದಲ ಸಲ. ಅದಕ್ಕೆ ಮುಂಚೆ ನಕ್ಕಿದ್ದರೂ ನನ್ನ ನೆನಪಿನಲ್ಲಿಲ್ಲ.

1989ರ ಶಿವರಾತ್ರಿಗೆ ಆಯಿ ಎಂದಿನಂತೆ ನೂಲು ಹೊಸೆದಳು. ಈ ಸಲ ಅಳೆಯುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆಯಿ ಬಸುವನ್ನು ಎದುರಿಗೆ ಕೂರಿಸಿಕೊಂಡು ಹಳೆಯ ಬಿಳಿ ದಾರವನ್ನು ಕೊರಳಿಗೆ ಸುತ್ತಿದಳು. ತುದಿಗಳು ಕೂಡಲಿಲ್ಲ. ಹಳೆಯ ಶಿವದಾರವನ್ನು ಹಿಡಿದು ನೋಡಿದಳು; ಕರಡಿಗೆ ಎದೆಯಿಂದ ಮೇಲಕ್ಕೆ ಹೋಗಿ ನಿಂತಿತು. ಇನ್ನೊಮ್ಮೆ ಸುತ್ತಿದಳು. ಅಪ್ಪ ಪಡಸಾಲೆಯಲ್ಲಿ ಎದ್ದು ನಿಂತಿದ್ದ.

“ಸಾಲವಲ್ದು,” ಎಂದಳು ಆಯಿ. ದನಿ ಸಣ್ಣಗಿತ್ತು. “ಶರಣವ್ವಾ, ಸಾಲವಲ್ದುಬೇ ದಾರ.”

ಅವ್ವ ಅಡುಗೆ ಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಬಸುವಿನ ಬಾಯಿಗೆ ಬೆಲ್ಲ ಹಾಕುವುದು ಆಯಿಗೆ ನೆನಪಾಗಲಿಲ್ಲ. ಅವನೇ ಕೇಳಿ ತೆಗೆದುಕೊಂಡ. ಆಮೇಲೆ ನನ್ನನ್ನು ಕೂರಿಸಿದರು. ನನ್ನದೂ ಸಾಲಲಿಲ್ಲ. ಸುಣ್ಣದ ಮಾತು ಯಾರೂ ಎತ್ತಲಿಲ್ಲ.

ಕಳೆದುಹೋದ ವರ್ಷಗಳ ಬೆಳವಣಿಗೆ ಎಲ್ಲವೂ ಮರಳಿ ಬರುವುದಿಲ್ಲ ಎಂದು ರಾಯಚೂರಿನ ವೈದ್ಯರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಬಸು ಬೆಳೆದ, ಆದರೆ ತನ್ನ ಓರಗೆಯವರಷ್ಟು ಅಲ್ಲ. ಈಗ ಅವನು ನನ್ನ ಪಕ್ಕ ನಿಂತರೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತಾನೆ, ನಾನೂ ಎತ್ತರದವಳಲ್ಲ. ತೊಂಬತ್ತರ ದಶಕದಲ್ಲಿ ಅಪ್ಪ ಅಂಗಡಿಯನ್ನು ಸಿಂಧನೂರಿಗೆ ಸಾಗಿಸಿದ. ಅಕ್ಕಿ ಗಿರಣಿಗಳ ಸಾಲಿನಲ್ಲಿ ತಾಡಪತ್ರಿಗೆ ಗಿರಾಕಿ ಹೆಚ್ಚು. ಮೇಲಿನ ಅಟ್ಟದಿಂದ ಸುರುಳಿ ಇಳಿಸಲು ಬಸು ಮೊದಲಿನಿಂದಲೂ ಒಂದು ಸ್ಟೂಲು ಇಟ್ಟುಕೊಂಡಿದ್ದಾನೆ. ಆಯಿ ಮಸ್ಕಿಯ ಮನೆಯಲ್ಲಿಯೇ, ತೊಂಬತ್ತರ ದಶಕದ ಕೊನೆಗೆ ತೀರಿಕೊಂಡಳು. ಅವಳ ನಂತರ ನೂಲು ಹೊಸೆಯುವ ಕೆಲಸ ಅವ್ವನದಾಯಿತು.

ಅವ್ವ ಈಗ ಸಿಂಧನೂರಿನಲ್ಲಿ ಬಸುವಿನ ಜೊತೆ ಇದ್ದಾಳೆ. ಇಬ್ಬರೂ ಬೆಳಿಗ್ಗೆ ಎದ್ದ ಕೂಡಲೇ, ಪೂಜೆಗೆ ಮೊದಲು, ಗುಳಿಗೆ ತೆಗೆದುಕೊಳ್ಳುತ್ತಾರೆ. ನಾನು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತೇನೆ. ಇದುವರೆಗೆ ಏನೂ ಬಂದಿಲ್ಲ. ಬಸುವಿಗೆ ಒಬ್ಬಳು ಮಗಳು. ಅವಳ ರಕ್ತವನ್ನೂ ವರ್ಷಕ್ಕೊಮ್ಮೆ ನೋಡುತ್ತಾರೆ. ಪರೀಕ್ಷೆ ಈಗ ಸಿಂಧನೂರಿನಲ್ಲೇ ಆಗುತ್ತದೆ, ವರದಿ ಸಂಜೆಗೆ ಬರುತ್ತದೆ. ಈ ವರ್ಷದ್ದು ಸರಿಯಾಗಿದೆ. ಶಿವರಾತ್ರಿಯ ಬೆಳಿಗ್ಗೆ ಬಸು ಫೋನು ಮಾಡಿದ್ದ. ಅವ್ವ ಮೊಮ್ಮಗಳಿಗೆ ಹೋದ ವರ್ಷದ ದಾರ ಸುತ್ತಿ ನೋಡಿದ್ದಾಳೆ. ಸಾಲಲಿಲ್ಲವಂತೆ.